ಮ್ಯೂಸಿಯಂ ಹಬ್ಬಕ್ಕೆ ಜನ ಬರ್ತಾರೆ, ದುಡ್ಡು ಯಾಕೆ ಉಳಿಯಲ್ಲ?

ಪ್ರಶ್ನೆ: ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಒಂದು ಹೋಬಳಿ ಊರು ನಮ್ಮದು. ನಾವು ಕೆಲವರು ನಿವೃತ್ತ ಶಿಕ್ಷಕರು ಸೇರಿ ಹಳೆಯ ಶಾಲೆಯ ಎರಡು ಕೋಣೆಗಳಲ್ಲಿ ಊರಿನ ಇತಿಹಾಸದ ಸಣ್ಣ ಮ್ಯೂಸಿಯಂ ನಡೆಸುತ್ತಿದ್ದೇವೆ. ವ್ಯವಸಾಯದ ಸಾಮಾನು, ಅಳತೆಯ ಪಾತ್ರೆ, ಹಳೆಯ ಫೋಟೋ, ನಾಟಕದ ಸಾಮಗ್ರಿ, ಅಂಗಳದಲ್ಲಿ ಎರಡು ವೀರಗಲ್ಲು ಇವೆ. ಪ್ರತಿ ವರ್ಷ ವಾರ್ಷಿಕೋತ್ಸವ ಮಾಡುತ್ತೇವೆ. ಜನ ಬರುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ. ಕೊನೆಗೆ ನಮ್ಮ ಜೇಬಿನಿಂದಲೇ ಸಾಲ ತೀರಿಸಬೇಕು. ಕಾವಲುಗಾರರ ಸಂಬಳ, ಕರೆಂಟು, ಗೆದ್ದಲು ಔಷಧಿ ಎಲ್ಲ ಸೇರಿ ವರ್ಷಕ್ಕೆ ಸುಮಾರು 90,000 ರೂಪಾಯಿ ಬೇಕು. ಯಾವ ಕಾರ್ಯಕ್ರಮ ಮಾಡಿದರೆ ಹಣ ಬರುತ್ತದೆ? ಕೆಲವರು ಹಳೆಯ ನಾಣ್ಯಗಳನ್ನು ಹರಾಜು ಹಾಕೋಣ ಎನ್ನುತ್ತಿದ್ದಾರೆ, ಇನ್ನು ಕೆಲವರು ಲಕ್ಕಿ ಡಿಪ್ ಎನ್ನುತ್ತಿದ್ದಾರೆ. ಊಟಕ್ಕೆ ಟಿಕೆಟ್ ಇಡಬಹುದೇ? ಅಮೆರಿಕದಲ್ಲಿರುವ ಊರಿನ ಹುಡುಗರಿಂದ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಂಪನಿಗಳಿಂದ ಹಣ ಕೇಳಬಹುದೇ? ಸಲಹೆ ಕೊಡಿ.

ಉತ್ತರ: ಮೇಷ್ಟ್ರೇ, ಪ್ರಶ್ನೆಯ ಜೊತೆಗೆ ಹೋದ ವರ್ಷದ ಖರ್ಚಿನ ಪಟ್ಟಿಯನ್ನೂ ಕಳಿಸಿದ್ದು ಒಳ್ಳೆಯದಾಯಿತು. ಶಾಮಿಯಾನ, ಕುರ್ಚಿ, ಮೈಕ್ ಸೆಟ್, ಫ್ಲೆಕ್ಸ್, ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಊಟ. ಈ ಪಟ್ಟಿಯಲ್ಲಿ ಮ್ಯೂಸಿಯಮ್ಮೇ ಇಲ್ಲ! ಇದನ್ನು ಯಾವ ಸಂಘದ ವಾರ್ಷಿಕೋತ್ಸವಕ್ಕೆ ಬೇಕಾದರೂ ಹಾಕಬಹುದು. ಬಂದವರು ವೇದಿಕೆ ನೋಡಿದರು, ಭಾಷಣ ಕೇಳಿದರು, ಊಟ ಮಾಡಿದರು. ಎರಡು ಕೋಣೆಗಳ ಒಳಗೆ ಎಷ್ಟು ಜನ ಕಾಲಿಟ್ಟರು, ಯಾವ ವಸ್ತುವಿನ ಮುಂದೆ ನಿಂತರು ಅನ್ನುವುದನ್ನು ನೀವು ಬರೆದಿಲ್ಲ. ಬಹುಶಃ ಯಾರೂ ಗಮನಿಸಿಲ್ಲ.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸಣ್ಣ ಊರಿನಲ್ಲಿ ಒಂದು ದಿನದ ಕಾರ್ಯಕ್ರಮದಿಂದ ವರ್ಷದ ಖರ್ಚು ಹುಟ್ಟಿಸುವುದು ಕಷ್ಟ. ಆ ದಿನ ಬರುವ ಜನರಿಂದ ವರ್ಷವಿಡೀ ಸ್ವಲ್ಪ ಸ್ವಲ್ಪ ಹಣ ಬರುವ ದಾರಿ ಮಾಡಿಕೊಳ್ಳುವುದು ಅಷ್ಟು ಕಷ್ಟವಲ್ಲ. ಹಾಗಾಗಿ ನಿಮಗೆ ಎರಡು ಬೇರೆ ಬೇರೆ ಕಾರ್ಯಕ್ರಮ ಬೇಕು. ಒಂದು ಜನ ಸೇರಿಸುವುದಕ್ಕೆ, ಅದರಲ್ಲಿ ಖರ್ಚು ಆದಷ್ಟೂ ಕಡಿಮೆ. ಇನ್ನೊಂದು ಹಣ ಎತ್ತುವುದಕ್ಕೆ, ಅದರಲ್ಲಿ ಲೆಕ್ಕ ಬಿಗಿ. ಎರಡನ್ನೂ ಒಂದೇ ಶಾಮಿಯಾನದ ಕೆಳಗೆ ತುರುಕುವುದರಿಂದಲೇ ನಿಮಗೆ ಪ್ರತಿ ವರ್ಷ ಸಾಲ ಬೀಳುತ್ತಿರುವುದು.

ಜನ ಸೇರಿಸುವ ದಿನಕ್ಕೆ ನಾನು ಹೇಳುವುದು ಫೋಟೋ ದಿನ. "ನಿಮ್ಮ ಅಟ್ಟದಲ್ಲಿ, ಟ್ರಂಕಿನಲ್ಲಿ ಇರುವ ಹಳೇ ಫೋಟೋ ತನ್ನಿ, ಸ್ಕ್ಯಾನ್ ಮಾಡಿ ಕೈಯಲ್ಲೇ ವಾಪಸ್ ಕೊಡ್ತೀವಿ" ಅಂತ ಡಂಗುರ ಹೊಡೆಸಿ. ಬೇಕಾಗುವುದು ಒಂದು ಸ್ಕ್ಯಾನರ್, ಒಂದು ಲ್ಯಾಪ್‌ಟಾಪ್, ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು, ಒಂದು ದಪ್ಪ ನೋಟ್ ಪುಸ್ತಕ. ಫೋಟೋ ತಂದವರ ಹೆಸರು, ಫೋಟೋದಲ್ಲಿರುವವರ ಹೆಸರು, ಸಂದರ್ಭ, ಅಂದಾಜು ವರ್ಷ, ಪ್ರದರ್ಶನಕ್ಕೆ ಇಡಲು ಒಪ್ಪಿಗೆ ಇದೆಯೋ ಇಲ್ಲವೋ, ಇಷ್ಟನ್ನು ಬರೆದುಕೊಳ್ಳಿ. ಫೋಟೋ ಅವರ ಮುಂದೆಯೇ ಸ್ಕ್ಯಾನ್ ಆಗಬೇಕು, ಅವರ ಕೈಗೇ ಹೋಗಬೇಕು. "ನಾಳೆ ಬಂದು ತಗೊಳ್ಳಿ" ಅಂದರೆ ಮುಂದಿನ ವರ್ಷ ಯಾರೂ ತರುವುದಿಲ್ಲ.

ಜೊತೆಗೆ ನಿಮ್ಮಲ್ಲಿ ಈಗಾಗಲೇ ಇರುವ ಶಾಲಾ ಗ್ರೂಪ್ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತಗುಲಿಸಿ. ಕೆಳಗೆ "ಇವರು ಯಾರು?" ಅಂತ ಬರೆದು ಖಾಲಿ ಚೀಟಿ, ಪೆನ್ಸಿಲ್ ಇಡಿ. ಅಜ್ಜಂದಿರು, ಅಜ್ಜಿಯರು ಆ ಗೋಡೆ ಬಿಟ್ಟು ಕದಲುವುದಿಲ್ಲ ನೋಡಿ. ಒಬ್ಬರು ಒಂದು ಹೆಸರು ಹೇಳುತ್ತಾರೆ, ಪಕ್ಕದವರು "ಅದು ಅವನಲ್ಲ, ಅವನ ತಮ್ಮ" ಅನ್ನುತ್ತಾರೆ. ಆ ಜಗಳವನ್ನೂ ಬರೆದುಕೊಳ್ಳಿ. ಮೊಮ್ಮಕ್ಕಳು ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿ ನೋಡುತ್ತಾರೆ. ಅವರೇ ಮುಂದೆ ನಿಮಗೆ ಹಣ ಕಳಿಸುವವರು. ಸ್ಕ್ಯಾನ್ ಉಚಿತವಾಗಿರಲಿ, ಫ್ರೇಮ್ ಹಾಕಿದ ಪ್ರಿಂಟ್ ಬೇಕಾದವರಿಂದ ಹಣ ತೆಗೆದುಕೊಳ್ಳಿ.

ಮಕ್ಕಳಿಗೆ ಮುಟ್ಟುವ ಸಾಮಾನು ಬೇಕು. ಮ್ಯೂಸಿಯಂ ಪಟ್ಟಿಯಲ್ಲಿಲ್ಲದ, ಹಾಳಾದರೂ ಬೇಸರವಿಲ್ಲದ ಒಂದು ಬೀಸುವ ಕಲ್ಲನ್ನು ಅಂಗಳದಲ್ಲಿಟ್ಟು ರಾಗಿ ಬೀಸಲು ಬಿಡಿ. ಸೇರು, ಪಾವು, ಚಟಾಕು ಇಟ್ಟು ಕಾಳು ಅಳೆಯಲಿ. ಅಳಗುಳಿಮಣೆ, ಚೌಕಾಬಾರ ಪಂದ್ಯ ಇಡಿ, ಐವತ್ತು ರೂಪಾಯಿ ಪ್ರವೇಶ ಶುಲ್ಕ ಹಾಕಿದರೂ ಹೆಂಗಸರು ಹುರುಪಿನಿಂದ ಸೇರುತ್ತಾರೆ. ಇಷ್ಟಾದರೆ ಭಾಷಣ ಬೇಡವೇ ಬೇಡ. ಸನ್ಮಾನ ಮಾಡಲೇಬೇಕು ಅನ್ನಿಸಿದರೆ ಆ ವರ್ಷ ವಸ್ತು ಕೊಟ್ಟವರನ್ನು ಕರೆದು, ಅವರ ವಸ್ತುವಿನ ಪಕ್ಕದಲ್ಲೇ ನಿಲ್ಲಿಸಿ ಫೋಟೋ ತೆಗೆದು ಕೊಡಿ. ಶಾಲಿಗಿಂತ ಅದು ಹೆಚ್ಚು ಕಾಲ ಮನೆಯಲ್ಲಿ ಉಳಿಯುತ್ತದೆ.

ದಿನಾಂಕದ ಬಗ್ಗೆ. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ, 1977ರಿಂದ ಆಚರಣೆಯಲ್ಲಿದೆ. ಏಪ್ರಿಲ್ 18 ವಿಶ್ವ ಪರಂಪರೆ ದಿನ. ನವೆಂಬರ್ 19ರಿಂದ 25ರವರೆಗೆ ನಮ್ಮ ದೇಶದಲ್ಲಿ ವಿಶ್ವ ಪರಂಪರೆ ಸಪ್ತಾಹ. ನಿಮ್ಮ ಕಡೆಗೆ ಮೇ ತಿಂಗಳು ಚೆನ್ನಾಗಿ ಹೊಂದುತ್ತದೆ. ಬೇಸಿಗೆ ರಜೆಗೆ ಪಟ್ಟಣದ ಮಕ್ಕಳು ಊರಿಗೆ ಬಂದಿರುತ್ತಾರೆ. ಮದುವೆ ಮುಹೂರ್ತ ಇಲ್ಲದ ಭಾನುವಾರ ನೋಡಿಕೊಳ್ಳಿ, ಬೆಳಗ್ಗೆ ಏಳಕ್ಕೆ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿ. ಆಮೇಲೆ ಆ ಬಿಸಿಲಲ್ಲಿ ಯಾರೂ ನಿಲ್ಲಲ್ಲ, ಸಂಜೆಗೆ ಮಳೆ ಹೊಯ್ಯಬಹುದು. ನವೆಂಬರ್‌ನಲ್ಲಿ ಊರಿನವರು ರಾಗಿ ಕೊಯ್ಲಿನಲ್ಲಿರುತ್ತಾರೆ. ಆಗ ದೊಡ್ಡವರನ್ನು ಕರೆಯಬೇಡಿ, ಸುತ್ತಲಿನ ಶಾಲೆಗಳನ್ನು ಮಾತ್ರ ಕರೆಯಿರಿ, ದಿನಕ್ಕೆ ಒಂದು ಶಾಲೆಯಂತೆ.

ಈಗ ಹಣದ ಮಾತು. ತುಮಕೂರು ಸೀಮೆಯಲ್ಲಿ ಹಣ ಎತ್ತುವುದಕ್ಕೆ ನಾಟಕಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾಯಿತು. ಅದರ ಗುಂಗು ನಿಮ್ಮ ಹಳ್ಳಿಗಳಲ್ಲಿ ಇನ್ನೂ ಇಳಿದಿಲ್ಲ. ನಮ್ಮ ಕಡೆಯ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿಗಳೇ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾರೆ, ಅಲ್ವಾ? ದುರ್ಯೋಧನನಿಗೆ, ಕೃಷ್ಣನಿಗೆ ಒಂದು ರೇಟು, ವಿದುರನಿಗೆ ಇನ್ನೊಂದು. ಬೇರೆ ಕಡೆ ನಟರಿಗೆ ಸಂಭಾವನೆ ಕೊಡಬೇಕು, ಇಲ್ಲಿ ನಟರೇ ನಿಮಗೆ ಕೊಡುತ್ತಾರೆ.

ಆದರೆ ಆ ಹಣವನ್ನು ಲಾಭ ಅಂದುಕೊಳ್ಳಬೇಡಿ. ಡ್ರಾಮಾ ಮೇಷ್ಟ್ರು, ಹಾರ್ಮೋನಿಯಂ, ತಬಲ, ಸೀನರಿ, ಡ್ರೆಸ್, ಮೇಕಪ್, ಮೈಕ್, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳು, ಇಷ್ಟಕ್ಕೆ ಪಾತ್ರದ ಹಣ ಸರಿಹೋಗುತ್ತದೆ. ಹೆಚ್ಚೆಂದರೆ ಸ್ವಲ್ಪ ಉಳಿಯಬಹುದು. ಮ್ಯೂಸಿಯಂಗೆ ಬರಬೇಕಾದ ಹಣ ಬೇರೆ ಮೂರು ಕಡೆಯಿಂದ ಬರಬೇಕು. ಮೊದಲನೆಯದು ಕರಪತ್ರ. ಪಾತ್ರವರ್ಗದ ಹೆಸರಿರುವ ಆ ಹ್ಯಾಂಡ್‌ಬಿಲ್ ಮನೆಮನೆಗೂ ಹೋಗುತ್ತದೆ. ಅದರ ಕೆಳಗೆ ಅಂಗಡಿ, ಮಂಡಿ, ಗೊಬ್ಬರದ ಅಂಗಡಿಯವರ ಹೆಸರು ಹಾಕಿ, ಒಂದು ಹೆಸರಿಗೆ ಇಷ್ಟು ಅಂತ ನಿಗದಿ ಮಾಡಿ. ಎರಡನೆಯದು ಮೈಕ್. ನಾಟಕದ ಮಧ್ಯೆ ಪಾತ್ರಧಾರಿಗೆ ಹಾರ ಹಾಕಿ, ನೋಟು ಕೊಟ್ಟು ಮೈಕಿನಲ್ಲಿ ಹೆಸರು ಹೇಳಿಸುವ ಅಭ್ಯಾಸ ಇದೆಯಲ್ಲ, ಅದರಲ್ಲಿ ಎಷ್ಟು ಪಾಲು ಮ್ಯೂಸಿಯಂಗೆ ಅನ್ನುವುದನ್ನು ತಾಲೀಮು ಶುರುವಾಗುವ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ. ರಂಗದ ಮೇಲೆ ಭೀಮ, ದುರ್ಯೋಧನ ಹೊಡೆದಾಡಲಿ, ಪರವಾಗಿಲ್ಲ. ರಂಗದ ಹಿಂದೆ ಲೆಕ್ಕಕ್ಕೆ ಜಗಳ ಆದರೆ ಮುಂದಿನ ವರ್ಷ ನಾಟಕವೂ ಇಲ್ಲ, ಮ್ಯೂಸಿಯಮ್ಮೂ ಇಲ್ಲ. ಮೂರನೆಯದನ್ನು ಮುಂದೆ ಹೇಳುತ್ತೇನೆ, ಅದೇ ದೊಡ್ಡದು.

ಶಬ್ದದ ನಿಯಮ ಗೊತ್ತಿರಲಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮೈಕಿಗೆ ಪೊಲೀಸ್ ಅನುಮತಿ ಮೊದಲೇ ಬೇಕು. ರಾತ್ರಿಯಿಡೀ ನಾಟಕ ಆಡುವ ಆಸೆ ಬಿಟ್ಟು ಹಗಲು ನಾಟಕ ಇಟ್ಟುಕೊಳ್ಳಿ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಹಗಲೇ ಪೌರಾಣಿಕ ನಾಟಕ ನಡೆಯುವುದನ್ನು ನೀವೂ ನೋಡಿರುತ್ತೀರಿ. ಹಗಲಾದರೆ ಮ್ಯೂಸಿಯಂ ಬಾಗಿಲನ್ನೂ ತೆಗೆದಿಡಬಹುದು. ನಿಮ್ಮಲ್ಲಿರುವ ಹಳೆಯ ಕಿರೀಟ, ಗದೆ, ಹಾರ್ಮೋನಿಯಂ, ಹಿಂದಿನ ಕರಪತ್ರಗಳನ್ನು ಆ ದಿನ ಮುಂದಿನ ಕೋಣೆಗೆ ತನ್ನಿ. ನಾಟಕ ನೋಡಲು ಬಂದವನು ತನ್ನ ತಾತನ ಹೆಸರನ್ನು ಹಳೇ ಕರಪತ್ರದಲ್ಲಿ ಹುಡುಕುತ್ತಾನೆ.

ಊಟಕ್ಕೆ ಟಿಕೆಟ್ ಇಡಬಹುದೇ ಅಂತ ಕೇಳಿದ್ದೀರಿ. ಬೇಡ. ಸಿದ್ಧಗಂಗೆಯ ದಾಸೋಹ ಉಂಡು ಬೆಳೆದ ಜಿಲ್ಲೆ ಇದು. ಕರೆದು ಊಟಕ್ಕೆ ದುಡ್ಡು ಕೇಳಿದರೆ ಜನ ಮುಖ ಮುಖ ನೋಡುತ್ತಾರೆ. ಆದರೆ ಊಟದ ಖರ್ಚನ್ನು ನೀವು ಹೊರಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಮನೆಮನೆಯಿಂದ ರಾಗಿ, ಕಾಳು, ತೆಂಗಿನಕಾಯಿ, ಬೆಲ್ಲ ಎತ್ತಿ. ಹಣ ಕೊಡಲು ಹಿಂದೇಟು ಹಾಕುವ ಮನೆಯೂ ಎರಡು ಸೇರು ರಾಗಿ ಕೊಡುತ್ತದೆ. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಸಾಕು. ಪಾಯಸ, ಹೋಳಿಗೆ ಎಂದು ಶುರು ಮಾಡಿದರೆ ಅಡುಗೆ ಭಟ್ಟರ ಬಿಲ್ಲೇ ಮ್ಯೂಸಿಯಮ್ಮಿನ ಮೂರು ತಿಂಗಳ ಕರೆಂಟು ನುಂಗುತ್ತದೆ.

ಲಕ್ಕಿ ಡಿಪ್ ಮಾತು ಮರೆತುಬಿಡಿ. ಟಿಕೆಟ್ ಮಾರಿ ಚೀಟಿ ಎತ್ತಿ ಬಹುಮಾನ ಕೊಟ್ಟರೆ ಅದು ಕಾನೂನಿನ ಕಣ್ಣಿಗೆ ಲಾಟರಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಒಳ್ಳೆಯ ಕೆಲಸಕ್ಕೆ ಮಾಡಿದ್ದು ಅನ್ನುವುದು ಠಾಣೆಯಲ್ಲಿ ನಡೆಯುವುದಿಲ್ಲ.

ನಾಣ್ಯದ ಹರಾಜು ಅದಕ್ಕಿಂತ ಕೆಟ್ಟ ಯೋಚನೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಶಾಸನ ಎಲ್ಲ ಪ್ರಾಚ್ಯವಸ್ತು. ಹಸ್ತಪ್ರತಿಯಾದರೆ 75 ವರ್ಷಕ್ಕೇ ಆ ಲೆಕ್ಕ. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಶಿಲ್ಪದಂಥ ಕೆಲವು ಬಗೆಯವನ್ನು ನೋಂದಾಯಿಸಲೂ ಬೇಕು. ನಿಮ್ಮ ವೀರಗಲ್ಲುಗಳ ನೋಂದಣಿ ಆಗಿದೆಯೇ, ಒಮ್ಮೆ ನೋಡಿ. ಕಾನೂನು ಬಿಡಿ, ಊರಿನ ಮಾತು ಕೇಳಿ. ನಂಬಿ ಕೊಟ್ಟ ವಸ್ತುವನ್ನು ಮಾರಿದರು ಅಂತ ಒಮ್ಮೆ ಸುದ್ದಿ ಹಬ್ಬಿದರೆ ಆಮೇಲೆ ಒಂದು ಒನಕೆಯೂ ನಿಮ್ಮ ಬಾಗಿಲಿಗೆ ಬರಲ್ಲ. ಹರಾಜು ಕೂಗುವ ಉತ್ಸಾಹ ಇರುವವರಿಗೆ ಬೇರೆ ಕೆಲಸ ಕೊಡಿ. ಗಣೇಶನ ಹಬ್ಬದಲ್ಲಿ ಲಾಡು, ಹಣ್ಣು ಸವಾಲು ಕೂಗುವಂತೆ, ಯಾರಾದರೂ ಕೊಟ್ಟ ಎಳನೀರು ಗೊನೆ, ಶಿರಾ ಕಡೆಯ ಹೊಸ ಕಂಬಳಿ, ಒಂದು ಕ್ವಿಂಟಾಲ್ ಹುಣಸೆಹಣ್ಣು, ಇವನ್ನು ಕೂಗಿಸಿ. ಗೆದ್ದವನು ಹತ್ತರಷ್ಟು ಬೆಲೆ ಕೊಟ್ಟು ಹೆಮ್ಮೆಯಿಂದ ಹೊತ್ತುಕೊಂಡು ಹೋಗುತ್ತಾನೆ.

ಇದಕ್ಕೆ ಸೇರಿದ ಇನ್ನೊಂದು ಎಚ್ಚರಿಕೆ. ಫೋಟೋ ದಿನಕ್ಕೆ ಯಾರಾದರೂ ವಿಗ್ರಹವನ್ನೋ ಹೊಲದಲ್ಲಿ ಸಿಕ್ಕ ನಾಣ್ಯದ ಕುಡಿಕೆಯನ್ನೋ ತಂದೇ ತರುತ್ತಾರೆ. ಅದನ್ನು ಒಳಗೆ ಇಟ್ಟುಕೊಳ್ಳಬೇಡಿ, ಬೆಲೆಯನ್ನೂ ಹೇಳಬೇಡಿ. ನೆಲದಲ್ಲಿ ಸಿಕ್ಕಿದ್ದು ನಿಧಿ ಕಾಯಿದೆಗೆ ಬರುತ್ತದೆ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಂದವರಿಗೇ ದಾರಿ ಹೇಳಿ, ಬೇಕಾದರೆ ಜೊತೆಗೆ ಹೋಗಿ. ಮಾಮೂಲಿ ವಸ್ತು ಕೊಡಲು ಬಂದವರಿಂದಲೂ ಆ ಗದ್ದಲದಲ್ಲಿ ತೆಗೆದುಕೊಳ್ಳಬೇಡಿ. ಹೆಸರು ಬರೆದುಕೊಂಡು ಮುಂದಿನ ವಾರ ಮನೆಗೆ ಹೋಗಿ, ಮನೆಯವರೆಲ್ಲ ಒಪ್ಪಿದ ಮೇಲೆ ದಾನಪತ್ರಕ್ಕೆ ಸಹಿ ಹಾಕಿಸಿ ತನ್ನಿ. ಅಪ್ಪ ಕೊಟ್ಟದ್ದನ್ನು ಮಗ ಬಂದು ವಾಪಸ್ ಕೇಳುವುದು ಸಣ್ಣ ಮ್ಯೂಸಿಯಂಗಳಿಗೆ ಹೊಸದಲ್ಲ.

ಮ್ಯೂಸಿಯಂಗೆ ಹಣ ಬರುವ ಮೂರನೆಯ ದಾರಿಗೆ ಬರೋಣ. ನಿಮ್ಮ 90,000 ರೂಪಾಯಿಯನ್ನು 365ರಿಂದ ಭಾಗಿಸಿ. ದಿನಕ್ಕೆ 250 ರೂಪಾಯಿಗಿಂತ ಸ್ವಲ್ಪ ಕಡಿಮೆ. ಮ್ಯೂಸಿಯಂ ಒಂದು ದಿನ ಬಾಗಿಲು ತೆರೆದಿರಲು ಬೇಕಾದ್ದು ಅಷ್ಟೇ. ಹಾಗಾದರೆ ದಿನಗಳನ್ನೇ ಕೊಡಿ. ದೇವಸ್ಥಾನಗಳಲ್ಲಿ, ಮಠಗಳಲ್ಲಿ ಹುಟ್ಟಿದ ದಿನಕ್ಕೋ ತೀರಿಕೊಂಡವರ ನೆನಪಿಗೋ ಒಂದು ದಿನದ ಸೇವೆ ಬರೆಸುವುದು ನಮಗೆಲ್ಲ ಗೊತ್ತು. ಗೋಡೆಯಷ್ಟು ದೊಡ್ಡ ಕ್ಯಾಲೆಂಡರ್ ಮಾಡಿಸಿ, ಒಂದೊಂದು ದಿನಕ್ಕೂ ಹೆಸರು ಬರೆಯುವಷ್ಟು ಜಾಗ ಇರಲಿ. 250 ರೂಪಾಯಿ ಕೊಟ್ಟವರು ತಮಗೆ ಬೇಕಾದ ದಿನವನ್ನು ಆರಿಸಿ ಬರೆಸಲಿ. ಆ ದಿನ ಬಂದಾಗ ಬಾಗಿಲ ಪಕ್ಕದ ಕರಿಹಲಗೆಯಲ್ಲಿ "ಇಂದಿನ ಮ್ಯೂಸಿಯಂ ಸೇವೆ ಇಂಥವರ ನೆನಪಿಗೆ" ಅಂತ ಸೀಮೆಸುಣ್ಣದಲ್ಲಿ ಬರೆದು, ಫೋಟೋ ತೆಗೆದು ಅವರ ವಾಟ್ಸಾಪ್‌ಗೆ ಕಳಿಸಿ. ಬೋರ್ಡು ಬರೆಯುವುದು ಮೇಷ್ಟ್ರುಗಳಿಗೆ ಹೇಳಿಕೊಡಬೇಕೇ! ಮುಂದಿನ ವರ್ಷ ಆ ದಿನಕ್ಕೆ ಹದಿನೈದು ದಿನ ಮೊದಲು ಒಂದು ಮೆಸೇಜ್ ಹಾಕಿ.

ಎಲ್ಲ ದಿನ ತುಂಬುವುದು ಒಂದೇ ವರ್ಷಕ್ಕೆ ಆಗಲಿಕ್ಕಿಲ್ಲ. 120 ದಿನ ತುಂಬಿದರೂ 30,000 ರೂಪಾಯಿ ಬಂತು, ಮತ್ತು ಆ 120 ಮನೆ ನಿಮ್ಮವಾದವು. ಈ ಕ್ಯಾಲೆಂಡರ್ ಫೋಟೋ ದಿನವೂ ನಾಟಕದ ದಿನವೂ ಜನ ಹಾದುಹೋಗುವ ಜಾಗದಲ್ಲೇ ಇರಬೇಕು, ಪಕ್ಕದಲ್ಲಿ ರಸೀದಿ ಪುಸ್ತಕ ಹಿಡಿದು ಒಬ್ಬರು ಕೂತಿರಬೇಕು. ವೇದಿಕೆಯ ಮೇಲೆ ಐವತ್ತು ಸಾವಿರ ಘೋಷಿಸುವ ದೊಡ್ಡವರನ್ನು ನಂಬಿ ಬಜೆಟ್ ಹಾಕಬೇಡಿ. ಚಪ್ಪಾಳೆ ಆ ದಿನವೇ ಬರುತ್ತದೆ, ಹಣ ಬರುವಾಗ ಬರಲಿ.

ಲೆಕ್ಕಪತ್ರದ ವಿಚಾರದಲ್ಲಿ ಗಟ್ಟಿಯಾಗಿರಿ. ಕ್ಯೂಆರ್ ಕೋಡ್ ಸಂಘದ ಬ್ಯಾಂಕ್ ಖಾತೆಯದ್ದಾಗಿರಬೇಕು, ಕಾರ್ಯದರ್ಶಿಯ ಫೋನಿನದ್ದಲ್ಲ. ರಸೀದಿಗೆ ಮುದ್ರಿತ ನಂಬರ್ ಇರಲಿ. ಕಾರ್ಯಕ್ರಮ ಮುಗಿದ ವಾರದಲ್ಲೇ ಜಮಾಖರ್ಚನ್ನು ಪಂಚಾಯ್ತಿ ಕಚೇರಿಯ ಗೋಡೆಗೆ ಅಂಟಿಸಿ, ಯಾರೂ ಕೇಳುವ ಮೊದಲೇ. ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ (80ಜಿ) ಸಂಘಕ್ಕೆ ಸಿಕ್ಕಿದ್ದರೆ ಒಳ್ಳೆಯದು, ಆದರೆ ಅದನ್ನೇ ಆಸೆ ತೋರಿಸಿ ಕೇಳಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿರುವ ದಾನಿಗೆ ಅದರ ಲಾಭ ಇಲ್ಲ, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೂ ಇಲ್ಲ. ಅಮೆರಿಕದಲ್ಲಿರುವ ಊರಿನ ಹುಡುಗರ ಬಗ್ಗೆ ಬರೆದಿದ್ದೀರಿ. ಭಾರತದ ಪೌರತ್ವ ಉಳಿಸಿಕೊಂಡವರು ಕೊಡಬಹುದು. ಅಲ್ಲಿನ ಪೌರರಾದವರ ಹಣ ವಿದೇಶಿ ದೇಣಿಗೆ ಅನ್ನಿಸಿಕೊಳ್ಳುತ್ತದೆ, ಅದರ ಕಾಯಿದೆಯಾದ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಚಿನ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಅಂಥವರು ಊರಿಗೆ ಬಂದಾಗ ಫೋಟೋ ಗುರುತಿಸಿ ಕೊಡಲಿ, ಅದೂ ಕೊಡುಗೆಯೇ.

ವಸಂತನರಸಾಪುರದ ಕಂಪನಿಗಳ ಬಾಗಿಲು ತಟ್ಟುವ ಯೋಚನೆ ಸರಿ, ಕೇಳುವ ವಿಷಯ ಬದಲಿಸಿ. ಬ್ಯಾನರಿನಲ್ಲಿ ಲೋಗೋ ಹಾಕಿಸಿಕೊಂಡು ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಬರುತ್ತದೆ. ಹಾಗಾಗಿ ವಾರ್ಷಿಕೋತ್ಸವಕ್ಕೆ ಕೇಳಬೇಡಿ. ಸೋರುವ ಚಾವಣಿ, ಗಾಜಿನ ಕಪಾಟು, ಫೋಟೋ ಇಡಲು ಒಳ್ಳೆಯ ಪೆಟ್ಟಿಗೆ, ಇದಕ್ಕೆ ಅಂದಾಜು ಪಟ್ಟಿ ಮಾಡಿಕೊಂಡು ಹೋಗಿ. ಸಿಎಸ್‌ಆರ್-1 ನೋಂದಣಿ ಇಲ್ಲದ ಸಂಸ್ಥೆಗೆ ಅವರು ಆ ಹಣ ಕೊಡುವಂತಿಲ್ಲ, ಅದನ್ನು ಮೊದಲು ಮಾಡಿಸಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೂ ಅರ್ಜಿ ಹಾಕಿ, ಆದರೆ ಆ ಹಣ ಕೈಗೆ ಬರುವ ಮೊದಲು ಅದರ ಮೇಲೆ ಸಾಲ ಮಾಡಬೇಡಿ.

ಕೊನೆಗೆ ಆ ಎರಡು ವೀರಗಲ್ಲು. ಉತ್ಸವದ ದಿನ ಎಣ್ಣೆ, ಅರಿಶಿನ, ಕುಂಕುಮ ಹಚ್ಚುತ್ತಾರೆ, ಕೆಲವರು ಅಕ್ಷರ ಕಾಣಲಿ ಅಂತ ಸುಣ್ಣ ಬಳಿಯುತ್ತಾರೆ ಅಂತ ಬರೆದಿದ್ದೀರಿ. ಎಣ್ಣೆಗೆ ಧೂಳು ಅಂಟಿ ಪದರ ಕಟ್ಟಿ ಕೆತ್ತನೆಯ ಅಂಚು ಮುಚ್ಚಿಹೋಗುತ್ತದೆ. ಸುಣ್ಣ ಅಕ್ಷರದ ಸಂದಿಗೆ ಇಳಿದರೆ ಕೆರೆದು ತೆಗೆಯುವಾಗ ಕಲ್ಲೇ ಹೋಗುತ್ತದೆ. ಪೂಜೆ ಬೇಡ ಅಂದರೆ ಜಗಳವಾಗುತ್ತದೆ, ಹಾಗೆ ಹೇಳಲೂ ಬೇಡಿ. ಕಲ್ಲಿನ ಮುಂದೆ ಎರಡಡಿ ದೂರದಲ್ಲಿ ಒಂದು ಚಪ್ಪಡಿ ಹಾಸಿ, ದೀಪ, ಹೂವು, ಕುಂಕುಮ ಎಲ್ಲ ಅಲ್ಲಿಗೇ ಅಂತ ಊರಿನ ಹಿರಿಯರಿಂದಲೇ ಹೇಳಿಸಿ. ಅಕ್ಷರ ಓದಬೇಕು ಅನ್ನುವವರನ್ನು ಸಂಜೆ ಕರೆಯಿರಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ಸಾಲುಗಳು ತಾವೇ ಎದ್ದು ಕಾಣುತ್ತವೆ. ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ತುಮಕೂರು ಜಿಲ್ಲೆಯ ಶಾಸನ ಸಂಪುಟ 1904ರಲ್ಲೇ ಬಂದಿದೆ, ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಮಾಲೆಯ 12ನೆಯದು. ನಿಮ್ಮ ಹೋಬಳಿಯ ಕಲ್ಲುಗಳ ಪಾಠ ಅದರಲ್ಲಿದೆಯೇ ಹುಡುಕಿ. ಸಿಕ್ಕಿದರೆ ದೊಡ್ಡ ಅಕ್ಷರದಲ್ಲಿ ಬರೆಸಿ ಪಕ್ಕದಲ್ಲಿಡಿ, ಫೋಟೋ ದಿನ ಶಾಲೆಯ ಮಕ್ಕಳಿಂದ ಓದಿಸಿ. ಇದಕ್ಕೆ ಖರ್ಚು ಒಂದು ಪ್ರಿಂಟಿನದ್ದು ಮಾತ್ರ.